ಮೆಂಡೋಜಾ ಗೆರೆ ಲಕ್ಷ್ಮಣರೇಖೆಯಲ್ಲ

ಮಾನ್ಯ ಸಂಪಾದಕರೆ,

ತಮ್ಮ ಕ್ರೀಡಾ ಪುಟದಲ್ಲಿ ಅಮೆರಿಕದ ಬೇಸ್‌ಬಾಲ್ ಕುರಿತು ಈಚೆಗೆ ಪ್ರಕಟವಾದ ಬರಹದಲ್ಲಿ ‘ಮೆಂಡೋಜಾ ಲೈನ್’ ಎಂಬ ಮಾತನ್ನು ಬ್ಯಾಟರ್‌ಗಳ ಪಾಲಿನ ಲಕ್ಷ್ಮಣರೇಖೆ ಎಂದು ಬಣ್ಣಿಸಿ, ಅದು ಸೂಚಿಸುವ 0.200 ಎಂಬ ಅಂಕಿ ಮೆಂಡೋಜಾ ಎಂಬ ಆಟಗಾರನ ವೃತ್ತಿಜೀವನದ ಸರಾಸರಿ ಎಂದು ತಿಳಿಸಲಾಗಿತ್ತು. ಇವೆರಡೂ ಸರಿಯಲ್ಲವಾದ್ದರಿಂದ ಈ ಪತ್ರ.

ಮೊದಲು ಲೆಕ್ಕ. ಬೇಸ್‌ಬಾಲ್‌ನಲ್ಲಿ ಸರಾಸರಿ ಎಂದರೆ ಕ್ರಿಕೆಟ್‌ನಂತೆ ರನ್ನುಗಳ ಲೆಕ್ಕವಲ್ಲ; ಬ್ಯಾಟರ್ ಗಳಿಸಿದ ಹಿಟ್‌ಗಳನ್ನು (ಚೆಂಡು ಬಡಿದು, ಔಟಾಗದೆ ‘ಬೇಸ್’ ಎಂಬ ನಿಲುಗಡೆ ತಲುಪಿದ ಹೊಡೆತಗಳನ್ನು) ಅವನ ಬ್ಯಾಟಿಂಗ್ ಸರದಿಗಳಿಂದ ಭಾಗಿಸಿದಾಗ ಬರುವ ಸಂಖ್ಯೆ. ನಾಲ್ಕು ತಪ್ಪು ಎಸೆತಗಳ ಕಾರಣಕ್ಕೆ ಪುಕ್ಕಟೆಯಾಗಿ ಬೇಸ್ ಸಿಕ್ಕಿದ ಸರದಿಯನ್ನು ಇದರಲ್ಲಿ ಸೇರಿಸುವುದಿಲ್ಲ. ಹತ್ತು ಸರದಿಗಳಲ್ಲಿ ಮೂರು ಸಲ ಹಿಟ್ ಗಳಿಸಿದವನನ್ನು ಒಳ್ಳೆಯ ಬ್ಯಾಟರ್ ಎನ್ನುತ್ತಾರೆ. ಎರಡೇ ಸಲ ಗಳಿಸಿದವನ ಸರಾಸರಿ 0.200, ಆಟಗಾರರ ಬಾಯಲ್ಲಿ ಬರೀ ‘ಇನ್ನೂರು’. ಅದಕ್ಕೂ ಕೆಳಗಿಳಿದವನನ್ನು ಅವನ ಫೀಲ್ಡಿಂಗ್ ಎಷ್ಟೇ ಚೆನ್ನಾಗಿದ್ದರೂ ತಂಡದಲ್ಲಿ ಇಟ್ಟುಕೊಳ್ಳುವುದು ಕಷ್ಟ ಎಂಬ ಭಾವನೆಯೇ ಈ ಮಾತಿನ ತಿರುಳು. ಹಾಗಾಗಿ ಲಕ್ಷ್ಮಣರೇಖೆಯ ಹೋಲಿಕೆ ಇಲ್ಲಿ ಕೂಡುವುದಿಲ್ಲ. ಅದು ದಾಟಬಾರದ ಗೆರೆ. ಇದು ದಾಟಿ ಮೇಲೇರಲೇಬೇಕಾದ ಗೆರೆ. ಹೋಲಿಸಲೇಬೇಕೆಂದರೆ ಬಡತನದ ರೇಖೆ ಹೆಚ್ಚು ಹತ್ತಿರ.

ಹೆಸರಿನ ಹಿಂದಿರುವವರು ಮೆಕ್ಸಿಕೊದ ಚಿವಾವಾದಲ್ಲಿ 1950ರಲ್ಲಿ ಹುಟ್ಟಿದ ಮಾರಿಯೊ ಮೆಂಡೋಜಾ. 1974ರಿಂದ 1982ರವರೆಗೆ ಪಿಟ್ಸ್‌ಬರ್ಗ್, ಸಿಯಾಟಲ್ ಮತ್ತು ಟೆಕ್ಸಸ್ ತಂಡಗಳಿಗೆ ಆಡಿದ ಇವರು ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಆಗಿದ್ದರು. ಬಲಗೈ ಬ್ಯಾಟರ್‌ಗಳು ನೆಲಕ್ಕೆ ಬಡಿದ ಚೆಂಡುಗಳು ಹೆಚ್ಚಾಗಿ ಆ ಕಡೆಗೇ ನುಗ್ಗುವುದರಿಂದ, ಅಲ್ಲಿ ಚುರುಕಾದ ಕೈಯಿದ್ದವನ ಬ್ಯಾಟಿಂಗ್ ಸ್ವಲ್ಪ ಸೊರಗಿದ್ದರೂ ತಂಡಗಳು ಸಹಿಸಿಕೊಳ್ಳುತ್ತಿದ್ದವು. 1979ರಲ್ಲಿ ಸಿಯಾಟಲ್ ಪರ 373 ಸರದಿಗಳಲ್ಲಿ ಅವರು ಗಳಿಸಿದ್ದು 74 ಹಿಟ್, ಅಂದರೆ 0.198.

ಮೆಂಡೋಜಾ ಅವರೇ ಹೇಳಿರುವ ಪ್ರಕಾರ, ತಮ್ಮನ್ನು ಛೇಡಿಸಲು ಸಹ ಆಟಗಾರರಾದ ಟಾಮ್ ಪ್ಯಾಚೊರೆಕ್ ಮತ್ತು ಬ್ರೂಸ್ ಬಾಕ್ಟಿ ಈ ಮಾತನ್ನು ಬಳಕೆಗೆ ತಂದರು. 1980ರ ಋತುವಿನ ಆರಂಭದಲ್ಲಿ ಕಾನ್ಸಸ್ ಸಿಟಿ ತಂಡದ ಜಾರ್ಜ್ ಬ್ರೆಟ್ ತಡವರಿಸುತ್ತಿದ್ದಾಗ, ಹುಷಾರಾಗಿರದಿದ್ದರೆ ಮೆಂಡೋಜಾ ಗೆರೆಯ ಕೆಳಗೆ ಜಾರೀಯೆ ಎಂದು ಅವರನ್ನೂ ರೇಗಿಸಿದರು. ಬ್ರೆಟ್ ಆ ಮಾತನ್ನು ಮರೆಯಲಿಲ್ಲ. ಅವರ ಮೂಲಕ ಅದು ಇಎಸ್‌ಪಿಎನ್ ವಾಹಿನಿಯ ನಿರೂಪಕ ಕ್ರಿಸ್ ಬರ್ಮನ್ ಅವರ ಕಿವಿಗೆ ಬಿದ್ದು, ದೇಶವೆಲ್ಲ ಹರಡಿತು. ಭಾನುವಾರದ ಪತ್ರಿಕೆಗಳು ಬ್ಯಾಟರ್‌ಗಳ ಸರಾಸರಿಗಳನ್ನು ಮೇಲಿನಿಂದ ಕೆಳಕ್ಕೆ ಪಟ್ಟಿಮಾಡಿ ಅಚ್ಚುಹಾಕುತ್ತಿದ್ದ ಕಾಲವದು. ಪಟ್ಟಿಯ ತಳದಲ್ಲಿ ಯಾರ ಹೆಸರಿನ ಕೆಳಗೆ ಯಾರಿದ್ದಾರೆಂದು ನೋಡುವ ಚಾಳಿ ಇಲ್ಲದಿದ್ದರೆ ಇಂಥ ಗೆರೆ ಯಾರಿಗೂ ಕಾಣುತ್ತಿರಲಿಲ್ಲವೇನೋ. ಈಗ ಅಲ್ಲಿನ ರಾಜಕೀಯ ಮತ್ತು ಹಣಕಾಸಿನ ಬರಹಗಳಲ್ಲೂ ಕನಿಷ್ಠ ಮಟ್ಟ ಎಂಬ ಅರ್ಥದಲ್ಲಿ ಅದು ಬಳಕೆಯಾಗುತ್ತದೆ.

ತಮಾಷೆಯೆಂದರೆ, ಈ ಮಾತು ಬ್ರೆಟ್ ಕಿವಿಗೆ ಬಿದ್ದ 1980ರಲ್ಲಿ ಬ್ರೆಟ್ 0.390 ಸರಾಸರಿಯೊಂದಿಗೆ ಅಮೆರಿಕನ್ ಲೀಗ್‌ನ ಅಗ್ರ ಬ್ಯಾಟರ್ ಆದರೆ, ಮೆಂಡೋಜಾ ಕೂಡ 0.245ಕ್ಕೆ ಏರಿದ್ದರು. ಒಂಬತ್ತು ಋತುಗಳಲ್ಲಿ ಐದರಲ್ಲಿ ಅವರು ಇನ್ನೂರಕ್ಕಿಂತ ಕೆಳಗಿದ್ದುದು ನಿಜ. ಆದರೆ ಒಟ್ಟು ವೃತ್ತಿಜೀವನದ 1,337 ಸರದಿಗಳಲ್ಲಿ ಅವರ ಹಿಟ್‌ಗಳು 287, ಸರಾಸರಿ 0.215. ತಮ್ಮ ಹೆಸರಿನ ಗೆರೆಯ ಕೆಳಗೆ ಅವರೇ ಬೀಳುವುದಿಲ್ಲ! ಅವರ ಕೈಚಳಕಕ್ಕೆ ‘ರೇಷ್ಮೆಯ ಕೈಗಳು’ ಎಂದು ಹೆಸರಿಟ್ಟ ಮೆಕ್ಸಿಕೊ, 2000ದಲ್ಲಿ ತನ್ನ ವೃತ್ತಿಪರ ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಅವರನ್ನು ಸೇರಿಸಿಕೊಂಡಿದೆ. ಪತ್ರಿಕೆಯಲ್ಲಿ ತಿದ್ದುಪಡಿ ಪ್ರಕಟಿಸುವಾಗ ಅಂಕಿಯ ಜೊತೆಗೆ ಈ ಸಂಗತಿಯನ್ನೂ ಸೇರಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಓರ್ವ ಓದುಗ