ಬೆಕ್ಕನ್ನು ಸಾಯಿಸಬೇಡ

ತಮ್ಮಾ,

ಅಜ್ಜಿ ಮನೆಯ ಮಳೆ ಬಗ್ಗೆ ನೀನು ಓದಲು ಕಳಿಸಿದ ಬರಹ ಎರಡು ಸಲ ಓದಿದೆ. ಮೊದಲ ಸಲ ಫೋನಿನಲ್ಲಿ. ಆಮೇಲೆ ಸಕಲೇಶಪುರಕ್ಕೆ ಸಾಮಾನು ತರಲು ಹೋದಾಗ ಪ್ರಿಂಟ್ ತೆಗೆಸಿಕೊಂಡು ಬಂದು ಜಗಲಿಯಲ್ಲಿ ಕೂತು ಇನ್ನೊಂದು ಸಲ. ಉತ್ತರ ತಡವಾಯಿತು, ಬೇಜಾರು ಮಾಡ್ಕೋಬೇಡ. ಇಲ್ಲಿ ಹಾನಬಾಳಿನ ಕಡೆ ವಾರದಿಂದ ದಿನಾ ಮಧ್ಯಾಹ್ನದ ಮೇಲೆ ಗಾಳಿಮಳೆ, ಒಮ್ಮೆ ಕರೆಂಟ್ ಹೋದರೆ ಬರುವುದು ಮಾರನೇ ದಿನವೇ. "ಅಕ್ಕಾ, ಮುಲಾಜಿಲ್ಲದೆ ಹೇಳಿ" ಅಂದಿದ್ದೀಯಲ್ಲ, ಹೇಳುತ್ತೇನೆ.

ಚೆನ್ನಾಗಿ ಬರೆಯುತ್ತೀಯ. ಅದೇ ತೊಂದರೆ ಅಂತ ನನಗೆ ಅನುಮಾನ. ಮೂಡಿಗೆರೆಯ ಅಜ್ಜಿ ಮನೆ, ಗಿಡ ಮುಚ್ಚಿದ ಹಿತ್ತಲು, ಗುಡುಗು, ಬೆಕ್ಕಿನ ಮರಿಗಳು, ಎಲ್ಲಾ ಇದೆ. ಆದರೆ ಅಲ್ಲಿ ಯಾರಿಗೂ ಏನೂ ಕೆಲಸ ಇಲ್ಲ. ಅಜ್ಜಿ ಸುಮ್ನೆ ಬಾಗಿಲಲ್ಲಿ ನಿಂತಿರುತ್ತಾರೆ. ಬೆಕ್ಕು ಸುಮ್ನೆ ಕಿಟಕಿಯಲ್ಲಿ ಕೂತಿರುತ್ತದೆ. ಮಳೆ ನಿನ್ನ ಮನಸ್ಸಿನ ದುಃಖಕ್ಕೆ ಸರಿಯಾಗಿ ಸುರಿಯುತ್ತದೆ. ನಾನು ಈ ಕಡೆಯೇ ಹುಟ್ಟಿ ಬೆಳೆದವಳು ಮಾರಾಯ, ಗಾಳಿಮಳೆ ಬರುವ ಹೊತ್ತಿಗೆ ಸುಮ್ಮನೆ ನಿಂತ ಹೆಂಗಸನ್ನು ಒಬ್ಬಳನ್ನೂ ನೋಡಿಲ್ಲ.

ನಿನ್ನ ಮಳೆ ಗುಡುಗಿನಿಂದ ಶುರುವಾಗುತ್ತದೆ. ನಮ್ಮ ಮನೆಯಲ್ಲಿ ಎರಡು ತಾಸು ಮೊದಲೇ ಶುರು. ಮೊನ್ನೆ ಹೇಗಾಯಿತು ಅಂತ ಹೇಳುತ್ತೇನೆ ಕೇಳು. ಭರಣಿ ಮಳೆ ಹಿಡಿದ ಮೂರನೇ ದಿನ. (ನಮ್ಮಮ್ಮನಿಗೆ ಏಪ್ರಿಲ್, ಮೇ ಎಲ್ಲ ಲೆಕ್ಕಕ್ಕಿಲ್ಲ. ಮಳೆ ನಕ್ಷತ್ರಗಳದ್ದೇ ಲೆಕ್ಕ: ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಒಂದೊಂದಕ್ಕೂ 13-14 ದಿನ. ನೀನು "ಬೇಸಿಗೆಯ ಒಂದು ದಿನ" ಅಂತ ಬರೆದಿದ್ದೀಯಲ್ಲ, ನಿಮ್ಮಜ್ಜಿಯನ್ನು ಕೇಳಿದರೆ ಯಾವ ಮಳೆ ಅಂತ ಹೆಸರು ಹಿಡಿದು ಹೇಳುತ್ತಾರೆ.) ಅಂಗಳದಲ್ಲಿ ಅಕ್ಕಿ ಸಂಡಿಗೆ ಹಾಕಿತ್ತು, ಹಳೇ ಸೀರೆಯ ಮೇಲೆ. ಒಂದೇ ಬಿಸಿಲು ಕಂಡಿತ್ತು, ಮೇಲೆ ಒಣಗಿ ಅಡಿಯಲ್ಲಿ ಇನ್ನೂ ಹಸಿ. ಮಧ್ಯಾಹ್ನ ಊಟ ಮುಗಿಯುವಾಗ ಸೆಕೆ ತಡೆಯಲಾಗಲಿಲ್ಲ, ಒಂದು ಎಲೆ ಅಲ್ಲಾಡುತ್ತಿರಲಿಲ್ಲ, ಅಮ್ಮ ಕೈ ತೊಳೆಯದೆ ಎದ್ದು ಪಶ್ಚಿಮಕ್ಕೆ ಒಂದು ಸಲ ನೋಡಿ, "ಬಾ, ಹಿಡ್ಕೋ" ಅಂದರು.

ಹಸಿ ಸಂಡಿಗೆಯ ಸೀರೆಯನ್ನು ಮಡಚುವ ಹಾಗಿಲ್ಲ, ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಇಬ್ಬರು ಎರಡೆರಡು ತುದಿ ಹಿಡಿದು, ಬಿಗಿಯಾಗಿ ಎಳೆದುಕೊಂಡು, ಏಡಿ ನಡೆದ ಹಾಗೆ ಅಡ್ಡಡ್ಡ ನಡೆದು ಬಾಗಿಲು ದಾಟಬೇಕು. ನಮ್ಮ ಬಾಗಿಲು ಸೀರೆಗಿಂತ ಚಿಕ್ಕದು. ಅಲ್ಲಿ ಬಂದು ನಿಂತು, ಯಾರು ಮೊದಲು ಒಳಗೆ, ಯಾರ ಕೈ ಮೇಲೆ ಅಂತ ಪ್ರತಿ ವರ್ಷ ಅದೇ ಜಗಳ. ಆಮೇಲೆ ಸೌದೆ, ಆಮೇಲೆ ಬಟ್ಟೆ, ಆಮೇಲೆ ಹೆಂಚು ಸೋರುವ ಮೂರು ಜಾಗಕ್ಕೆ ಮೂರು ಪಾತ್ರೆ. ಗುಡುಗು ಬಂದಿದ್ದು ಇಷ್ಟಾದ ಮೇಲೆ. ಇದು ನಿನ್ನ ಬರಹದಲ್ಲಿ ಇಲ್ಲ.

ಇನ್ನು ಬೆಕ್ಕು. ನಿನ್ನ "ಮೂರು ಬಣ್ಣದ ಗಂಡು ಬೆಕ್ಕು" ಓದಿ ಅಮ್ಮ ನಕ್ಕರು. ಬಿಳಿ, ಕಪ್ಪು, ಕೆಂಚು ಮೂರೂ ಇದ್ದರೆ ಅದು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ. ಗಂಡು ಹುಟ್ಟುವುದು ಅಪರೂಪದಲ್ಲಿ ಅಪರೂಪ. ಬೆಕ್ಕು ಸಾಕಿದವರು ಅಲ್ಲೇ ಓದುವುದು ನಿಲ್ಲಿಸುತ್ತಾರೆ. ಹಾಗೇ ಮೇ ಕೊನೆಯ ಆಲಿಕಲ್ಲು ಮಳೆಯಲ್ಲಿ ಕಾಫಿ ಹೂವು ಉದುರಿಸಿದ್ದೀಯ. ಹೂವು ಅರಳುವುದು ಹೂಮಳೆ, ಅಂದರೆ ಮೊಗ್ಗು ಅರಳಿಸುವ ಬೇಸಿಗೆ ಮಳೆ, ಬಿದ್ದ 8-10 ದಿನಕ್ಕೆ, ಆ ಮಳೆ ಸಾಮಾನ್ಯವಾಗಿ ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ. ಹೂವು ಬೆಳ್ಳಗೆ ಇರುವುದೇ ಎರಡು ಮೂರು ದಿನ. ಮೇ ಕೊನೆಗೆ ಗಿಡದಲ್ಲಿರುವುದು ಸಣ್ಣ ಹಸಿರು ಕಾಯಿ. ಆಲಿಕಲ್ಲಿಗೆ ಅದು ಉದುರಿದರೆ ತೋಟದವರ ಮುಖ ಹೇಗಿರುತ್ತದೆ ಅಂತ ಬರಿ, ಹೂವಿಗಿಂತ ಅದು ಜಾಸ್ತಿ ಮುಟ್ಟುತ್ತದೆ.

ನಮ್ಮ ಮನೆಯ ಮೂರು ಬಣ್ಣದ್ದು ಸದಾ ಬಚ್ಚಲೊಲೆಯ ಬೂದಿಯಲ್ಲಿ ಮಲಗುತ್ತದೆ, ಹಾಗಾಗಿ ಅದರ ಬಿಳಿ ಯಾವಾಗಲೂ ಬೂದಿ ಬಣ್ಣ. ಸೌದೆ ಕೊಟ್ಟಿಗೆಯಲ್ಲಿ ಮೂರು ಮರಿ ಹಾಕಿತ್ತು. ನಾವು ಪಾತ್ರೆ ಇಟ್ಟು ಮುಗಿಸುವಾಗ ಅದೂ ಮರಿಗಳನ್ನು ಸಾಗಿಸುತ್ತಿತ್ತು. ಕುತ್ತಿಗೆಯ ಚರ್ಮ ಕಚ್ಚಿ ಹಿಡಿದರೆ ಮರಿ ಕಾಲು ಮಡಚಿಕೊಂಡು ಒದ್ದೆ ಬಟ್ಟೆಯ ಹಾಗೆ ಜೋತು ಬೀಳುತ್ತದೆ, ಕುಯ್ ಅನ್ನುವುದಿಲ್ಲ. ಎರಡನೇ ಮರಿ ತರುವಾಗ ತೋಟದ ಆಚೆ ಎಲ್ಲೋ ಸಿಡಿಲು ಬಡಿಯಿತು. ಮರಿಯನ್ನು ಮೆಟ್ಟಿಲ ಮೇಲೆ ಬಿಟ್ಟು ಓಡಿತು. ಈಗ ಬಂದು ಎತ್ತಿಕೊಳ್ಳುತ್ತದೆ ಅಂತ ಕಾದೆ. ಇಲ್ಲ, ಕೊಟ್ಟಿಗೆಗೆ ಹೋಗಿ ಮೂರನೆಯದನ್ನು ಕಚ್ಚಿಕೊಂಡು ನನ್ನೆದುರೇ ಅಟ್ಟ ಹತ್ತಿತು. ಹನಿ ಬೀಳಲು ಶುರುವಾಗಿತ್ತು, ನಾನೇ ಮರಿಯನ್ನು ಎತ್ತಿ ಒಳಗೆ ಗೋಣಿಚೀಲದ ಮೇಲೆ ಇಟ್ಟೆ. ಬೆಕ್ಕು ಇಳಿದು ಬಂತು, ಮೂಸಿತು, ಕಚ್ಚಿಕೊಂಡು ವಾಪಸ್ ಅದೇ ಮೆಟ್ಟಿಲಿಗೆ ಒಯ್ದು ಇಟ್ಟು, ಅಲ್ಲಿಂದ ಮತ್ತೆ ಎತ್ತಿ ತನ್ನ ದಾರಿಯಲ್ಲೇ ಅಟ್ಟಕ್ಕೆ ಹೋಯಿತು. ಯಾಕೆ ಅಂತ ನನಗೆ ಗೊತ್ತಿಲ್ಲ. ಹೀಗೆ ಅಂತ ಕೂತು ಕಲ್ಪಿಸಿಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ, ಇಷ್ಟು ವರ್ಷ ಬರೆದ ಮೇಲೂ.

ಅದಕ್ಕೇ ನಿನ್ನ ಕೊನೆ ಪುಟ ನನಗೆ ಸರಿ ಬರಲಿಲ್ಲ. ಮರಿ ಮಳೆಗೆ ಸಿಕ್ಕಿ ಸಾಯುತ್ತದೆ. ನಿಜವಾಗಿ ಸತ್ತಿತ್ತಾ? ಸತ್ತಿದ್ದರೆ ಹಾಗೇ ಇರಲಿ. ಓದುವವರಿಗೆ ಅಳು ಬರಲಿ ಅಂತ ಸಾಯಿಸಿದ್ದರೆ, ನನ್ನ ಕಥೆ ಕೇಳು. ನಿನ್ನ ವಯಸ್ಸಿನಲ್ಲಿ ನಾನೂ ಒಂದು ಬೆಕ್ಕನ್ನು ಮಳೆಯಲ್ಲಿ ಸಾಯಿಸಿದ್ದೆ. ಪತ್ರಿಕೆಯಲ್ಲಿ ಬಂತು, ನಾಲ್ಕು ಜನ ಹೊಗಳಿದರು. ಅಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಪತ್ರಿಕೆ ಮಡಚಿಟ್ಟು, "ಪಾಪದ ಕೊತ್ತಿ, ಅದನ್ಯಾಕೆ ಸಾಯಿಸ್ದೆ?" ಅಂದರು. ಆ ಬೆಕ್ಕು ಆಗ ಅವರ ಕಾಲ ಹತ್ತಿರವೇ ಮೈ ನೆಕ್ಕಿಕೊಳ್ಳುತ್ತಿತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು, "ಮಣ್ಣಿನ ಘಮ". ಒಂದು ಪುಟದಲ್ಲಿ ಮೂರು ಸಲ ಬಂದಿದೆ. ಆ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಪೆಟ್ರಿಕೋರ್ ಅಂತ ಹೆಸರಿಟ್ಟರು. ಈಗ ಆ ಹೆಸರೂ ಹಳಸಿ ಹೋಗಿದೆ. ಮೊನ್ನೆ ಮಳೆ ಬಿದ್ದಾಗ ನಮ್ಮ ಜಗಲಿಗೆ ಬಂದ ವಾಸನೆ ಒದ್ದೆ ಬೂದಿಯದು, ಮರದಡಿ ಬಿದ್ದು ಕೊಳೆತ ಹಲಸಿನದು, ಬೆಕ್ಕು ಉಚ್ಚೆ ಹೊಯ್ದ ಗೋಣಿಚೀಲದ್ದು. ನಿಮ್ಮಜ್ಜಿ ಮನೆಗೆ ಬೇರೆ ಇರುತ್ತದೆ.

ಹಿತ್ತಲಿನ ಬಗ್ಗೆಯೂ ಅಷ್ಟೇ. "ಪ್ರಕೃತಿ ಮನೆಯನ್ನು ಅಪ್ಪಿಕೊಂಡಿತ್ತು" ಅಂತೀಯ. ಅಪ್ಪಿಕೊಂಡಿದ್ದಲ್ಲ ಮಾರಾಯ, ಕಡಿಯುವವರು ಇಲ್ಲ. ನಮ್ಮಪ್ಪ ಹೋದ ಮೇಲೆ ಮೊದಲ ವರ್ಷ ಆಳು ಕರೆಸಿ ಕೊಚ್ಚಿಸಿದೆವು. ಎರಡನೇ ವರ್ಷ ಆಳು ಸಿಗಲಿಲ್ಲ. ಮೂರನೇ ವರ್ಷ ಲಂಟಾನ ಬಾವಿಕಟ್ಟೆ ದಾಟಿತು, ಕೆಸುವು ಬಚ್ಚಲಿನ ಗೋಡೆಗೆ ಬಂತು. ಈಗ ಕತ್ತಲಾದ ಮೇಲೆ ಆ ಕಡೆ ಹೋಗುವುದಿಲ್ಲ, ಹಾವಿನ ಭಯ ಒಂದು, ಆನೆ ಸುದ್ದಿ ಇನ್ನೊಂದು. ನಿಮ್ಮ ಹಿತ್ತಲಲ್ಲಿ ಕತ್ತಿ ಹಿಡಿಯುತ್ತಿದ್ದವರು ಯಾರು, ಯಾವ ವರ್ಷ ನಿಲ್ಲಿಸಿದರು? ಅದನ್ನು ಬರೆದರೆ ಸಾಕು, ಗಿಡದ ವರ್ಣನೆ ಎರಡು ಸಾಲಿಗೆ ಇಳಿಸಬಹುದು.

ಒಂದು ಜಾಗ ಮಾತ್ರ ಮುಟ್ಟಬೇಡ. ಕರೆಂಟ್ ಹೋದಾಗ ನೀನು ಮಿಂಚು ಕಂಡ ಕೂಡಲೇ ಒಂದು, ಎರಡು, ಮೂರು ಅಂತ ಎಣಿಸುತ್ತೀಯ, ಅಜ್ಜಿ "ಹತ್ರ ಬಂತಾ?" ಅಂತ ಕೇಳುತ್ತಾರೆ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಅಂತ ಅವರಿಗೆ ನೀನು ವಿವರಿಸುವುದಿಲ್ಲ, "ಇನ್ನೂ ದೂರ ಇದೆ" ಅಂತ ಸುಳ್ಳು ಹೇಳುತ್ತೀಯ. ಅಲ್ಲಿ ನಾನು ಪೆನ್ನು ಕೆಳಗಿಟ್ಟೆ.

ತಿದ್ದುವ ಮೊದಲು ಅಜ್ಜಿಗೆ ಫೋನ್ ಮಾಡು. ಆ ದಿನ ಅಂಗಳದಿಂದ ಮೊದಲು ಏನು ಒಳಗೆ ತಂದರು, ಬೆಕ್ಕು ಮರಿಗಳನ್ನು ಎಲ್ಲಿಗೆ ಸಾಗಿಸಿತು ಅಂತ ಕೇಳು. ಬೆಳಿಗ್ಗೆಯೇ ಮಾಡು, ಮಧ್ಯಾಹ್ನದ ಮೇಲೆ ಅಲ್ಲೂ ಟವರ್ ಸಿಗುವುದಿಲ್ಲ.

ನಿನ್ನ ಅಕ್ಕ