ಲೋಗೋ ಇನ್ನು ವಾಟ್ಸಾಪ್ ಫೋಟೋ ಆಗಿ ಬರುವುದಿಲ್ಲ

ಸಾಗರ

ಆತ್ಮೀಯ ಗ್ರಾಹಕರೆ,

ಮುಂದಿನ ತಿಂಗಳ 1ರಿಂದ, ಮುಗಿದ ಲೋಗೋವನ್ನು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸುವುದನ್ನು ನಿಲ್ಲಿಸುತ್ತಿದ್ದೇವೆ. ಅದರ ಬದಲು ಒಂದು ಫೋಲ್ಡರ್ ಕೊಡುತ್ತೇವೆ. ದರ ಮೊದಲಿನದೇ. ಆದರೆ ಕೆಲಸಕ್ಕೆ ನಾಲ್ಕೈದು ದಿನ ಹೆಚ್ಚು ಹಿಡಿಯುತ್ತದೆ.

ಫೋಟೋ ಆಗಿ ಹೋದದ್ದನ್ನು ವಾಟ್ಸಾಪ್ ಕುಗ್ಗಿಸಿಬಿಡುತ್ತದೆ. ಮೊಬೈಲಿನಲ್ಲಿ ಚೆಂದ ಕಂಡದ್ದು ಹತ್ತಡಿ ಫ್ಲೆಕ್ಸಿಗೆ ಹೋದರೆ ಅಂಚೆಲ್ಲ ಮಸುಕು. ಆಗ ಫ್ಲೆಕ್ಸ್ ಅಂಗಡಿಯವರು ತಮ್ಮಲ್ಲಿರುವ ಫಾಂಟಿನಲ್ಲಿ ಹೆಸರನ್ನು ಮತ್ತೆ ಟೈಪ್ ಮಾಡುತ್ತಾರೆ. ಬೋರ್ಡಿನಲ್ಲೊಂದು ಅಕ್ಷರ, ಬಾಟಲಿಯಲ್ಲೊಂದು ಅಕ್ಷರ. ಕನ್ನಡದ್ದು ಇನ್ನೂ ಒಂದು ತೊಡಕು. ಭಾರತೀಯ ಲಿಪಿಗೆ ಹೊಂದಿಸಿಕೊಳ್ಳದ ತಂತ್ರಾಂಶದಲ್ಲಿ ಯುನಿಕೋಡ್ (ಮೊಬೈಲಿನಲ್ಲಿ ನಾವು ಟೈಪ್ ಮಾಡುವ ಬಗೆಯ) ಅಕ್ಷರ ಹಾಕಿದರೆ ‘ಹಳ್ಳಿ’ಯ ಒತ್ತು ಕೆಳಗಿಳಿಯದೆ ‘ಹಳ್‌ಳಿ’ ಎಂದು ನಿಲ್ಲುತ್ತದೆ. ಹಳೆಯ ನುಡಿ ಫಾಂಟಿನ ಫೈಲಾದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ.

ಹಾಗಾಗಿ ಫೋಲ್ಡರಿನಲ್ಲಿ ಮೊದಲಿಗೆ ಅಕ್ಷರಗಳನ್ನೆಲ್ಲ ಕರ್ವ್ ಮಾಡಿದ, ಅಂದರೆ ಗೆರೆಗಳ ಚಿತ್ರವಾಗಿ ಬದಲಿಸಿದ ಪಿಡಿಎಫ್ ಇರುತ್ತದೆ. ಇದಕ್ಕೆ ಫಾಂಟ್ ಬೇಡ, ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ. ಪ್ರಿಂಟಿಗೆ ಇದನ್ನೇ ಕೊಡಿ. ಡಿಪಿಗೆ, ಫೇಸ್‌ಬುಕ್ಕಿಗೆ ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರ ಸಾಕು, ಅದೂ ಫೋಲ್ಡರಿನಲ್ಲಿರುತ್ತದೆ. ಜೊತೆಗೆ ಒಂದೇ ಬಣ್ಣದ ಲೋಗೋ ಕೂಡ ಇರುತ್ತದೆ, ಅದು ಯಾಕೆ ಎಂದು ಕೇಳುವವರೇ ಹೆಚ್ಚು. ಬಟ್ಟೆ ಚೀಲದ ಸ್ಕ್ರೀನ್ ಪ್ರಿಂಟು, ರಬ್ಬರ್ ಸ್ಟ್ಯಾಂಪು, ಬಿಲ್ ಪುಸ್ತಕಕ್ಕೆಲ್ಲ ಬೇಕಾಗುವುದು ಅದೇ. ಬಣ್ಣಗಳ ಸಿಎಂವೈಕೆ (ಪ್ರಿಂಟಿನ ನಾಲ್ಕು ಶಾಯಿಗಳ) ಪ್ರಮಾಣ ಬರೆದ ಒಂದು ಹಾಳೆಯೂ ಇರುತ್ತದೆ. ಪರದೆಯ ಮಿಂಚುವ ಹಸಿರು ಶಾಯಿಯಲ್ಲಿ ಬರುವುದಿಲ್ಲ, ಅದಕ್ಕೆ ಪ್ರೆಸ್ಸಿನವರನ್ನು ಬಯ್ಯಬೇಡಿ.

ಹೆಚ್ಚುವರಿ ದಿನಗಳು ಬೇಕಿರುವುದು ನಮೂನೆಗೆ. ನೀವು ಒಪ್ಪುವ ಮೊದಲೇ ಲೋಗೋವನ್ನು 15 ಮಿ.ಮೀ. ಅಗಲಕ್ಕೆ ಇಳಿಸಿ ಕಾಗದದ ಮೇಲೆ ತೆಗೆಯುತ್ತೇವೆ. ಒತ್ತಕ್ಷರದ ಒಳಗಿನ ಜಾಗ ಶಾಯಿಯಿಂದ ಮುಚ್ಚಿಹೋದರೆ ಗೆರೆ ಸಣ್ಣ ಮಾಡಿ ಮತ್ತೆ ತೆಗೆಯುತ್ತೇವೆ. ಅಪ್ಪೆಮಿಡಿ ಉಪ್ಪಿನಕಾಯಿಯವರಿಗೆ ಬಾಟಲಿಗೇ ಲೇಬಲ್ ಅಂಟಿಸಿ ತೋರಿಸುತ್ತೇವೆ. ಬರೀ ಕಾಗದದ ಲೇಬಲ್ ಎಣ್ಣೆ ಹೀರಿ ಕಲೆಯಾಗುತ್ತದೆ, ಮಳೆಗಾಲದ ಥಂಡಿಗೆ ಮೂಲೆ ಏಳುತ್ತದೆ. ಪ್ಲಾಸ್ಟಿಕ್ ಹಾಳೆಯ ಸ್ಟಿಕ್ಕರ್ ಬಾಳಿಕೆ ಬರುತ್ತದೆ, ಅದೂ ಬಾಟಲಿಯನ್ನು ಎಣ್ಣೆ ಜಿಡ್ಡಿಲ್ಲದಂತೆ ಒರೆಸಿ ಒಣಗಿಸಿದ್ದರೆ ಮಾತ್ರ.

ಕೆಲಸ ಶುರುವಾಗುವ ಮೊದಲು ಹೆಸರಿನ ಕನ್ನಡ ಕಾಗುಣಿತವನ್ನು ಕೈಯಲ್ಲಿ ಬರೆದು ಕಳಿಸಿ, ಫೋನಿನಲ್ಲಿ ಹೇಳಬೇಡಿ. ತಿನ್ನುವ ಪದಾರ್ಥವಾದರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ಸಂಖ್ಯೆ, ನಿವ್ವಳ ತೂಕ, ವಿಳಾಸವೂ ಬೇಕು. ಎಂಆರ್‌ಪಿ ಮತ್ತು ಪ್ಯಾಕಿಂಗ್ ತಾರೀಕಿನ ಜಾಗ ಖಾಲಿ ಬಿಡುತ್ತೇವೆ. ಬೆಲೆ ಏರಿದಾಗ ಸಾವಿರಗಟ್ಟಲೆ ಲೇಬಲ್ ದಂಡವಾಗುವುದು ತಪ್ಪುತ್ತದೆ, ಸೀಲು ಒತ್ತಿದರಾಯಿತು.

ಟ್ರೇಡ್‌ಮಾರ್ಕ್ ನೋಂದಣಿ ಬೇರೆ ಕೆಲಸ, ನಮ್ಮ ದರದಲ್ಲಿ ಸೇರಿಲ್ಲ. ಅಲ್ಲಿ ಸರಕನ್ನು ವರ್ಗಗಳಾಗಿ ವಿಂಗಡಿಸುತ್ತಾರೆ. ಜೇನು 30ನೇ ವರ್ಗ, ಉಪ್ಪಿನಕಾಯಿ 29ನೇ ವರ್ಗ. ಎರಡನ್ನೂ ಮಾರುವವರು ಎರಡಕ್ಕೂ ಶುಲ್ಕ ಕಟ್ಟಬೇಕಾಗುತ್ತದೆ.

ಹಳೆಯ ಗ್ರಾಹಕರ ಮೂಲ ಫೈಲ್ ನಮ್ಮಲ್ಲಿದ್ದರೆ ಫೋಲ್ಡರನ್ನು ಉಚಿತವಾಗಿ ಮಾಡಿಕೊಡುತ್ತೇವೆ. ಬೇರೆ ಕಡೆ ಮಾಡಿಸಿದ ಲೋಗೋ ಆದರೆ ಹೊಸದಾಗಿ ಗೆರೆ ಎಳೆಯಬೇಕು, ಅದಕ್ಕೆ ಖರ್ಚಿದೆ. ನಿಮ್ಮಲ್ಲಿರುವುದನ್ನು ಕಳಿಸುವಾಗ ದಯವಿಟ್ಟು ವಾಟ್ಸಾಪ್‌ನಲ್ಲಿ ಫೋಟೋ ಬದಲು ‘ಡಾಕ್ಯುಮೆಂಟ್’ ಒತ್ತಿ ಕಳಿಸಿ.

ಇಂತಿ,
ವಿನ್ಯಾಸ ವಿಭಾಗ