ಜುಲೈಯಲ್ಲಿ ಆ ಘಾಟಿ ಬೇಡ, ಮಗಳೇ

ಉಡುಪಿ
ಜೂನ್ ಕೊನೆಯ ವಾರ

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದು ರಾತ್ರಿಯಿಡೀ ತಲೆಯಲ್ಲೇ ಇತ್ತು. ಜುಲೈಯಲ್ಲಿ ಗೆಳತಿಯರ ಜೊತೆ ಚಿಲಿಯ ಸ್ಯಾಂಟಿಯಾಗೊದಿಂದ ಆ್ಯಂಡೀಸ್ ಬೆಟ್ಟಸಾಲು ದಾಟಿ ಅರ್ಜೆಂಟೀನಾದ ಮೆಂಡೋಜಾಕ್ಕೆ ಬಸ್ಸಿನಲ್ಲಿ ಹೋಗುವುದು, ಶನಿವಾರ ಹೊರಟು ಭಾನುವಾರ ವಾಪಸ್, ಸೋಮವಾರ ಬೆಳಿಗ್ಗೆ ಪರೀಕ್ಷೆ. ನಿನ್ನ ಆಸೆಗೆ ಅಡ್ಡ ಬರಲು ನನಗೆ ಇಷ್ಟವಿಲ್ಲ. ಆದರೆ ಈ ಲೆಕ್ಕ ಸರಿಯಿಲ್ಲ. ಫೋನಿನಲ್ಲಾದರೆ ‘ಆಯ್ತಪ್ಪ’ ಅಂತ ಹೇಳಿ ಇಟ್ಟುಬಿಡುತ್ತಿ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಆಗುಂಬೆ ಘಾಟಿಯಲ್ಲಿ ಮಿನಿ ಬಸ್ಸು ಓಡಿಸಿ ಸಂಸಾರ ಸಾಗಿಸಿದವನು ನಾನು. ಅಲ್ಲಿರುವುದು 14 ಹೇರ್‌ಪಿನ್ ತಿರುವು. ದೊಡ್ಡ ಬಸ್ಸಿಗೆ ಅಲ್ಲಿ ಸ್ಟೇರಿಂಗ್ ತಿರುಗಿಸಲು ಜಾಗ ಸಾಲದು, ಅದಕ್ಕೇ ಮಿನಿ ಬಸ್ಸು. ಜನವರಿಯಲ್ಲಿ ನಾವು ಮೂವರೂ ಮೆಂಡೋಜಾಕ್ಕೆ ಹೋದಾಗ ಗಡಿಗೆ ಹತ್ತುವ ಆ ಕಾರಾಕೋಲೆಸ್ ಘಾಟಿಯ ಏರು ನೋಡಿ ನನ್ನ ಕೈ ತಾನಾಗಿ ಮುಂದಿನ ಸೀಟು ಹಿಡಿದಿತ್ತು. 29 ತಿರುವು, ಅದೂ ಎರಡು ಮಾಳಿಗೆಯ ಬಸ್ಸು! ಒಂದು ಮರವಿಲ್ಲ, ಬರೀ ಕಲ್ಲುಬೆಟ್ಟ. ಮೇಲಿನಿಂದ ಟ್ರೇಲರ್ ಲಾರಿ ಇಳಿಯುತ್ತಿತ್ತು. ನಮ್ಮ ಡ್ರೈವರ್ ತಿರುವಿಗೆ ನುಗ್ಗಲಿಲ್ಲ. ಸ್ವಲ್ಪ ಕೆಳಗೇ ನಿಲ್ಲಿಸಿ, ಲಾರಿಗೆ ಪೂರ್ತಿ ರಸ್ತೆ ಬಿಟ್ಟುಕೊಟ್ಟ. ಲಾರಿಯವನು ಕೈ ಎತ್ತಿದ, ಇವನೂ ಎತ್ತಿದ. ಮತ್ತೆ ಫಸ್ಟ್ ಗೇರಿನಲ್ಲಿ ನಿಧಾನಕ್ಕೆ ಹತ್ತಿಸಿದ. ಭಾಷೆ ಬಾರದಿದ್ದರೂ ಅವನ ಕೆಲಸ ನನಗೆ ಪೂರ್ತಿ ಅರ್ಥವಾಯಿತು. ಅಂಥವನ ಬಸ್ಸಿನಲ್ಲಿ ನಿನ್ನನ್ನು ಕಳಿಸಲು ನನಗೆ ಹೆದರಿಕೆಯಿಲ್ಲ. ಹೆದರಿಕೆ ಇರುವುದು ಹಿಮದ್ದು.

ಆ ರಸ್ತೆ ಗಡಿಯ ಸುರಂಗ ಸೇರುವ ಜಾಗ ಸಮುದ್ರಮಟ್ಟಕ್ಕಿಂತ ಸುಮಾರು 3,200 ಮೀಟರ್ ಎತ್ತರ. ನಮ್ಮ ಆಗುಂಬೆ ಸಾವಿರ ಮೀಟರ್ ಕೂಡ ಇಲ್ಲ. ಇಲ್ಲಿ ಮಳೆ ಜೋರಾಗಿ ಗುಡ್ಡ ಜರಿದರೆ ಘಾಟಿ ಬಂದ್ ಆಗುತ್ತದಲ್ವಾ? ಅಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗಾಲ, ಹಿಮ ಬಿದ್ದರೆ ಗಡಿಯನ್ನೇ ಮುಚ್ಚುತ್ತಾರೆ. ಕೆಲವು ಸಲ ಒಂದು ದಿನ, ಕೆಲವು ಸಲ ದಿನಗಟ್ಟಲೆ. ಎರಡೂ ಕಡೆ ಲಾರಿಗಳ ಸಾಲು ನಿಲ್ಲುತ್ತದೆ. ಹಳೇ ರೈಲುಹಳಿ ತೋರಿಸಿದೆಯಲ್ಲ, ತುಕ್ಕು ಹಿಡಿದದ್ದು? 1910ರಲ್ಲಿ ಶುರುವಾದ ಆ ರೈಲಿಗೂ ಹಿಮದ ಕಾಟ ತಪ್ಪಲಿಲ್ಲ. ಹಳಿಯ ಮೇಲೆ ಹಿಮ ಬೀಳದಂತೆ ಅಲ್ಲಲ್ಲಿ ಮಾಡು ಹಾಕಿದ್ದರು, ಅದರ ಅವಶೇಷ ಈಗಲೂ ಕಾಣುತ್ತದೆ. 1980ರಲ್ಲಿ ಕಾರು ಬಸ್ಸಿಗೆ ಅಂತ ಈ ಮೂರು ಕಿಲೋಮೀಟರಿನ ಸುರಂಗ ಬಂತು. ಆದರೂ ಸುರಂಗದ ಬಾಯಿಯವರೆಗೆ ಬಸ್ಸು ಬಯಲಲ್ಲೇ ಹತ್ತಬೇಕು.

ಹಾಗಾಗಿ ಭಾನುವಾರ ದಾರಿ ಮುಚ್ಚಿತು ಅಂತಿಟ್ಟುಕೊ. ನೀನು ಮೆಂಡೋಜಾದಲ್ಲಿ, ಪರೀಕ್ಷೆ ಸ್ಯಾಂಟಿಯಾಗೊದಲ್ಲಿ. ಆಗ ‘ಯಾವ ಬಸ್ಸಾದರೂ ಸರಿ, ಹೊರಟರೆ ಸಾಕು’ ಅಂತ ಅನಿಸುತ್ತದೆ. ಆ ಅವಸರ ನಾನು ಘಾಟಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಮದುವೆಗೆ ಹೊತ್ತಾಯಿತು, ಇಂಟರ್‌ವ್ಯೂ ತಪ್ಪುತ್ತದೆ ಅಂತ ಡ್ರೈವರನ ಬೆನ್ನ ಹಿಂದೆ ನಿಂತು ಒತ್ತಾಯ ಮಾಡುವವರು. ನೀನು ಅವರಲ್ಲಿ ಒಬ್ಬಳಾಗುವುದು ಬೇಡ.

ನನ್ನ ಕೇಳಿದರೆ, ನವೆಂಬರಿಗೆ ಹಾಕಿಕೊ. ಅಷ್ಟರಲ್ಲಿ ವೀಸಾದ್ದೂ ನೋಡಿಕೊಳ್ಳಬಹುದು. ಚಿಲಿಯ ಗೆಳತಿಯರಿಗೆ ಗುರುತಿನ ಚೀಟಿ ಇದ್ದರೆ ಸಾಕು. ನಿನ್ನದು ಭಾರತದ ಪಾಸ್‌ಪೋರ್ಟ್. ಅವರ ಅವಸರಕ್ಕೆ ನೀನು ಕಾಗದಪತ್ರ ಅರ್ಧಂಬರ್ಧ ಮಾಡಿಕೊಂಡು ಹೊರಡಬೇಡ. ಹೋಗುವಾಗ ತನಿಖೆ ಅರ್ಜೆಂಟೀನಾದ ಕಡೆ, ಬರುವಾಗ ಚಿಲಿಯ ಕಡೆ. ಬರುವಾಗಿನದೇ ಜಾಸ್ತಿ ಹೊತ್ತು. ಹಣ್ಣು, ಬೀಜ, ಜೇನು ಯಾವುದೂ ಬ್ಯಾಗಿನಲ್ಲಿ ಉಳಿಯಬಾರದು. ಆ ಅಜ್ಜಿ ನೆನಪುಂಟಾ? ಸರತಿಯಲ್ಲಿ ನಿಂತೇ ಚೀಲದಿಂದ ಪೀಚ್ ಹಣ್ಣು ತೆಗೆದು, ಕೈಯಲ್ಲೇ ಒರೆಸಿ ಒರೆಸಿ ತಿಂದರು. ಅಧಿಕಾರಿಯ ಮೇಜು ಹತ್ತಿರವಾದ ಹಾಗೆ ಸುತ್ತಲಿನವರಿಗೆಲ್ಲ ಹಂಚಿದರು. ಅಮ್ಮನಿಗೂ ಒಂದು ಸಿಕ್ಕಿತು. ರಸ ಮೊಣಕೈವರೆಗೆ ಇಳಿಯುತ್ತಿತ್ತು, ಆಚೆ ನಾಯಿ ಒಂದೊಂದೇ ಬ್ಯಾಗು ಮೂಸುತ್ತಿತ್ತು. ಅಮ್ಮ ಈಗಲೂ ಅಷ್ಟು ಸಿಹಿ ಹಣ್ಣು ತಿಂದಿಲ್ಲ ಅನ್ನುತ್ತಾಳೆ. ಅವಳು ಕಳಿಸಿದ ಹಲಸಿನ ಹಪ್ಪಳ, ಚಟ್ನಿಪುಡಿ ರೂಮಿನಲ್ಲೇ ಇಟ್ಟು ಹೋಗು. ತಪ್ಪಿ ಏನಾದರೂ ಇದ್ದರೆ ಫಾರಮ್ಮಿನಲ್ಲಿ ‘ಇದೆ’ ಅಂತಲೇ ಬರೆ. ಬರೆದರೆ ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ, ಬರೆಯದೆ ಸಿಕ್ಕಿದರೆ ದಂಡ.

ಹಗಲು ಬಸ್ಸೇ ಹಿಡಿ. ಹೋಗುವಾಗ ಎಡಗಡೆ ಸೀಟು ತೆಗೆದುಕೊ. ಸುರಂಗ ದಾಟಿದ ಮೇಲೆ ಅಕೊನ್‌ಕಾಗುವಾ ಕಾಣುವುದು ಆ ಕಡೆಯೇ. 6,961 ಮೀಟರ್! ಏಷ್ಯಾ ಬಿಟ್ಟರೆ ಜಗತ್ತಿನಲ್ಲಿ ಅದಕ್ಕಿಂತ ಎತ್ತರದ ಬೆಟ್ಟವಿಲ್ಲ. ಮೋಡ ಇಲ್ಲದಿರಲಿ ಅಂತ ಕೃಷ್ಣಮಠಕ್ಕೆ ಹೋದಾಗ ಬೇಡಿಕೊಳ್ಳುತ್ತೇನೆ. ನೀರು ಕುಡಿಯುತ್ತಾ ಇರು, ಮೇಲೆ ಹೋದಾಗ ಅಮ್ಮನಿಗೆ ತಲೆನೋವು ಬಂದಿತ್ತಲ್ಲ.

ಇಷ್ಟಾದರೂ ಜುಲೈಯಲ್ಲೇ ಹೋಗುವುದಾದರೆ ಪರೀಕ್ಷೆ ಮುಗಿದ ಮೇಲೆ ಹೋಗು. ವಾಪಸ್ ಬಂದ ಮೇಲೆ ಎರಡು ಮೂರು ದಿನ ಯಾವ ಕೆಲಸವನ್ನೂ ಒಪ್ಪಿಕೊಳ್ಳಬೇಡ. ಮೆಂಡೋಜಾದಲ್ಲಿ ಹೆಚ್ಚುವರಿ ದಿನ ಉಳಿಯುವ ಖರ್ಚು ನಾನು ಕಳಿಸುತ್ತೇನೆ, ಅದಕ್ಕೆ ಸಂಕೋಚ ಬೇಡ. ಹೊರಡುವ ದಿನ ಬೆಳಿಗ್ಗೆ ಗಡಿ ತೆರೆದಿದೆಯಾ ಅಂತ ಬಸ್ ನಿಲ್ದಾಣದಲ್ಲೇ ಕೇಳು. ಡ್ರೈವರ್ ‘ಇವತ್ತು ಆಗಲ್ಲ’ ಅಂದರೆ ವಾದ ಮಾಡಬೇಡ.

ಗೆಳತಿಯರ ಜೊತೆ ಮಾತಾಡಿ ಯಾವ ತಿಂಗಳು ಅಂತ ತಿಳಿಸು. ಅಮ್ಮ ನಿನಗೆ ಉಲ್ಲನ್ ಶಾಲು ಕಳಿಸಬೇಕು ಅಂತ ಕಾಯುತ್ತಿದ್ದಾಳೆ, ವಿಳಾಸ ಅದೇ ತಾನೇ?

ನಿನ್ನ
ಅಪ್ಪ